ಸಹಿ ನನ್ನದೇ ಅಲ್ಲವೇ?

ಪ್ರಿಯ ಸಹೋದರಿ, ನಿಮ್ಮ ಮನೆಯಲ್ಲೂ ಹೀಗೆ ನಡೆದಿರಬಹುದು. ಒಲೆಯ ಮೇಲೆ ಮೀನು ಸಾರು ಕುದಿಯುತ್ತಿದೆ. ಗಂಡನೋ ಅಣ್ಣನೋ ಸ್ಟ್ಯಾಂಪ್ ಪೇಪರ್ ಹಿಡಿದು ಅಡುಗೆ ಮನೆಯ ಬಾಗಿಲಲ್ಲಿ ನಿಂತು, “ಇಲ್ಲೊಂದು ಸಹಿ ಹಾಕು, ಹೊರಗೆ ಜನ ಕಾಯ್ತಾ ಇದ್ದಾರೆ” ಎನ್ನುತ್ತಾರೆ. ನೀವು ಕೈ ಒರೆಸಿಕೊಂಡು, ಅವರು ಬೆರಳಿಟ್ಟು ತೋರಿಸಿದ ಕಡೆ ಹೆಸರು ಬರೆಯುತ್ತೀರಿ. ಕಾಗದದಲ್ಲಿ ಏನಿದೆ ಎಂದು ಕೇಳುವುದಿಲ್ಲ. ಕೇಳಿದರೆ ನಂಬಿಕೆ ಇಲ್ಲವೆಂದಾಗುತ್ತದಲ್ಲ!

2012ರಲ್ಲಿ ನಾನೂ ಹೀಗೆಯೇ ಸಹಿ ಹಾಕಿದೆ. ಮದ್ರಸದಲ್ಲಿ ಓದಿದವಳು, ಬಿ.ಎ. ಮಾಡಿದವಳು, ಮಕ್ಕಳಿಗೆ ‘ಓದದೆ ಬರೆಯಬೇಡಿ’ ಎಂದು ದಿನವೂ ಹೇಳುವವಳು. ಆದರೆ ತಂದೆಯ ಮನೆ ಮಾರುವ ಕರಾರು ಪತ್ರಕ್ಕೆ ಓದದೆಯೇ ಸಹಿ ಹಾಕಿದೆ. ಅಣ್ಣಂದಿರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ದೊಡ್ಡಣ್ಣ, “ಬರೆ, ಆದರೆ ಊರಿನ ಹೆಸರು ಬೇಡ” ಎಂದಿದ್ದಾರೆ.

ಕರಾವಳಿಯ ಒಂದು ಸಣ್ಣ ಪೇಟೆಯ ಪಕ್ಕದಲ್ಲಿ 12 ಸೆಂಟ್ಸ್ ಜಾಗ, ಅದರಲ್ಲೊಂದು ಹಂಚಿನ ಮನೆ, ಬತ್ತದ ಬಾವಿ. ತಂದೆ ತೀರಿಕೊಂಡ ಮೇಲೆ ವಾರಸುದಾರರು ನಾಲ್ವರು: ಉಮ್ಮ, ಇಬ್ಬರು ಅಣ್ಣಂದಿರು, ನಾನು. ಚಿಕ್ಕಣ್ಣನ ಅಂಗಡಿ ಸಾಲ ಬೆಳೆದಿತ್ತು. ಮನೆ ಮಾರುವುದೆಂದು ತೀರ್ಮಾನವಾಯಿತು. ಕೊಳ್ಳುವವಳು ಒಬ್ಬ ಹೆಣ್ಣುಮಗಳು. ಗಂಡ ಸೌದಿಯಲ್ಲಿ ಡ್ರೈವರ್, ಇಬ್ಬರು ಮಕ್ಕಳು, ಬಾಡಿಗೆ ಮನೆ. ಬೆಲೆ 24 ಲಕ್ಷ, ಮುಂಗಡ 2 ಲಕ್ಷ. ಉಳಿದ ಹಣ ಕೊಟ್ಟು ರಿಜಿಸ್ಟ್ರಿ ಮಾಡಿಸಿಕೊಳ್ಳಲು ಆರು ತಿಂಗಳ ಅವಧಿ. ರಿಜಿಸ್ಟ್ರಿಯಾದ ಮೇಲೆ ಎರಡು ತಿಂಗಳು ಉಮ್ಮ ಬಾಡಿಗೆಯಿಲ್ಲದೆ ಅಲ್ಲೇ ಇರಬಹುದು, ನಂತರ ತೆರವು ಮಾಡಿಕೊಡಬೇಕು. ಬಾಗಿಲು, ಕಿಟಕಿ, ಬಾವಿಯ ಪಂಪ್‌ಸೆಟ್ ಇದ್ದ ಹಾಗೆಯೇ ಕೊಳ್ಳುವವರಿಗೆ. ಇವೆಲ್ಲ ಅದರಲ್ಲಿದ್ದವೆಂದು ನನಗೆ ಗೊತ್ತಾದದ್ದು ನಾಲ್ಕು ತಿಂಗಳು ಕಳೆದ ಮೇಲೆ.

ಆ ನಾಲ್ಕು ತಿಂಗಳಲ್ಲಿ ಹತ್ತಿರದಲ್ಲೇ ಒಂದು ಕಾಲೇಜು ಬರುತ್ತದೆಂಬ ಸುದ್ದಿ ಹಬ್ಬಿ ಜಾಗದ ಬೆಲೆ ಏರಿತು. ಇನ್ನೊಬ್ಬರು 32 ಲಕ್ಷ ಕೊಡುತ್ತೇವೆಂದು ಬಂದರು. ಒಂದು ಸಂಜೆ ಅಣ್ಣಂದಿರಿಬ್ಬರೂ ಗೋಳಿಬಜೆಯ ಪೊಟ್ಟಣದೊಂದಿಗೆ ನನ್ನ ಮನೆಗೆ ಬಂದರು. ದೊಡ್ಡಣ್ಣನ ಮಾತು ಇನ್ನೂ ನೆನಪಿದೆ. “ನೀನು ಏನೂ ಮಾಡಬೇಕಾಗಿಲ್ಲ. ರಿಜಿಸ್ಟ್ರಿಗೆ ಬರುವುದಿಲ್ಲ ಅಂತ ಹೇಳಿದರೆ ಸಾಕು. ತಂಗಿಯ ಪಾಲು ಉಂಟು, ಅವಳಿಗೆ ಮನಸ್ಸಿಲ್ಲ, ನಾವೇನು ಮಾಡುವುದು ಅಂತ ಹೇಳಿ ಮುಂಗಡ ಹಿಂದೆ ಕೊಡುತ್ತೇವೆ. ಬೇಕಾದರೆ ಎರಡಕ್ಕೆ ನಾಲ್ಕು ಕೊಡುವ.”

ನೋಡಿದಿರಾ ಸಹೋದರಿ! ಮಾರಬೇಕೇ, ಯಾರಿಗೆ, ಎಷ್ಟಕ್ಕೆ ಎಂದು ನಿರ್ಧರಿಸುವಾಗ ಯಾರಿಗೂ ನೆನಪಾಗದ ನನ್ನ ಹಕ್ಕು ಕರಾರು ಮುರಿಯುವಾಗ ನೆನಪಾಯಿತು. ಅಲ್ಲಾಹನು ಹೆಣ್ಣಿಗೆ ಕೊಟ್ಟ ವಾರಸು ಹಕ್ಕನ್ನು ಮಾತು ತಪ್ಪಲು ಮರೆಯಾಗಿ ಬಳಸುವುದೆಂದರೆ ಏನರ್ಥ? ಈಗ ಹೀಗೆ ಬರೆಯುತ್ತೇನೆ. ಅಂದು ನಾನು ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ ಲೆಕ್ಕ ಹಾಕಿದೆ. ತಂದೆಗೆ ಸಾಲವಾಗಲಿ ವಸಿಯ್ಯತ್ ಆಗಲಿ ಇರಲಿಲ್ಲ. 24 ಲಕ್ಷದಲ್ಲಿ ಉಮ್ಮನಿಗೆ ಎಂಟನೇ ಒಂದು ಭಾಗ 3 ಲಕ್ಷ. ಉಳಿದ 21 ಲಕ್ಷದಲ್ಲಿ ಅಣ್ಣಂದಿರಿಗೆ ತಲಾ 8 ಲಕ್ಷದ 40 ಸಾವಿರ, ನನಗೆ 4 ಲಕ್ಷದ 20 ಸಾವಿರ. ಬೆಲೆ 32 ಲಕ್ಷವಾದರೆ ನನ್ನ ಪಾಲು 5 ಲಕ್ಷದ 60 ಸಾವಿರ. ಸುಮ್ಮನೆ ಮನೆಯಲ್ಲಿ ಕೂತರೆ 1 ಲಕ್ಷದ 40 ಸಾವಿರ. ಶಿಕ್ಷಕಿಯ ಸಂಬಳಕ್ಕೆ ಅದು ಸಣ್ಣ ಮೊತ್ತವಲ್ಲ.

ಮೂರನೆಯ ದಿನ ಕೊಳ್ಳುವವಳೇ ನನ್ನ ಮನೆಗೆ ಬಂದಳು. ಅಣ್ಣಂದಿರು ಅಷ್ಟರಲ್ಲೇ ಅವಳಿಗೆ ಹೇಳಿಬಿಟ್ಟಿದ್ದರು. “ಟೀಚರ್, ನಿಮಗೆ ಮನಸ್ಸಿಲ್ಲವಂತೆ. ನನ್ನಿಂದ ಏನಾದರೂ ತಪ್ಪಾಯಿತಾ?” ಎಂದು ಕೇಳಿದಳು. ಮುಂಗಡಕ್ಕಾಗಿ ಅವಳು ಮಹ್ರ್‌ನ ಚಿನ್ನ ಮಾರಿದ್ದಳು. ಬಾಡಿಗೆ ಮನೆಯವರಿಗೆ ಬಿಡುತ್ತೇನೆಂದು ಹೇಳಿಯಾಗಿತ್ತು. ಬ್ಯಾಗಿನಿಂದ ಕರಾರಿನ ಜೆರಾಕ್ಸ್ ಪ್ರತಿ ತೆಗೆದು ಟೀಪಾಯಿಯ ಮೇಲಿಟ್ಟಳು. ನಾನು ಸಹಿ ಹಾಕಿದ ಕಾಗದವನ್ನು ನಾನು ಮೊದಲ ಸಲ ಓದಿದ್ದು ಅವಳ ಆ ಪ್ರತಿಯಲ್ಲಿ. ಕೊನೆಯ ಪುಟದಲ್ಲಿ ನನ್ನ ಹೆಸರು, ಅದರ ಪಕ್ಕ ಸಣ್ಣದೊಂದು ಎಣ್ಣೆಯ ಕಲೆ.

ಆ ವಾರ ನಾನು ಕುರ್‌ಆನ್ ತೆರೆದದ್ದು ಪಾಠಕ್ಕಾಗಿ ಅಲ್ಲ. ಸೂರಃ ಅಲ್‌ಮಾಇದಃದ ಮೊತ್ತಮೊದಲ ಆಜ್ಞೆಯೇ ಸತ್ಯವಿಶ್ವಾಸಿಗಳು ತಮ್ಮ ಕರಾರುಗಳನ್ನು ಪೂರೈಸಬೇಕು ಎಂಬುದು. ಆಹಾರದ ಹಲಾಲ್ ಹರಾಮ್‌ಗಳು ಅಲ್ಲಿ ಅದರ ನಂತರ ಬರುತ್ತವೆ. ಮಾಂಸ ಹಲಾಲೇ ಎಂದು ಅಂಗಡಿಯವನನ್ನು ಎರಡು ಸಲ ಕೇಳುವ ನಾವು, ಮನೆ ಮಾರಿದ ಹಣದ ಬಗ್ಗೆ ಹಾಗೆ ಕೇಳುತ್ತೇವೆಯೇ? ಇನ್ನು ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಂದರೆ ಅಲ್‌ಬಕರಃದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಪಡಬಾರದೆಂದು ಅದು ಬೋಧಿಸುತ್ತದೆ. ಸಾಕ್ಷಿಗಳ ಸಾಲಿನಲ್ಲಿ ಸ್ತ್ರೀಯರನ್ನೂ ಅದು ಸೇರಿಸಿದೆ. ವ್ಯವಹಾರದ ಕಾಗದ ಗಂಡಸರ ವಿಷಯ ಎನ್ನುವವರು ಆ ಸೂಕ್ತವನ್ನು ಇನ್ನೊಮ್ಮೆ ಓದಲಿ.

ಶುಕ್ರವಾರ ತಂದೆಯ ಮನೆಯಲ್ಲಿ ಎಲ್ಲರೂ ಸೇರಿದೆವು. ಚಿಕ್ಕಣ್ಣ ಸಿದ್ಧರಾಗಿಯೇ ಬಂದಿದ್ದರು. “ರಿಜಿಸ್ಟರ್ ಆಗದ ಕಾಗದಕ್ಕೆ ಬೆಲೆ ಏನು? ಶರೀಅತ್‌ನಲ್ಲೂ ಇದು ಮಾರಾಟ ಅಲ್ಲ, ವಾಗ್ದಾನ ಮಾತ್ರ” ಎಂದರು.

ಈ ಎರಡೂ ಮಾತುಗಳನ್ನು ನೀವೂ ಕೇಳಿರುತ್ತೀರಿ, ಅರ್ಧ ಸತ್ಯದ ಮಾತುಗಳಿವು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಮಾರಾಟದ ಕರಾರು ಮಾತ್ರದಿಂದ ಮನೆ ಕೊಳ್ಳುವವರದ್ದಾಗುವುದಿಲ್ಲ ಎನ್ನುವುದು ನಿಜ. ಆದರೆ ಅದರಿಂದ ಕರಾರು ಬರೇ ಕಾಗದವಾಗುವುದಿಲ್ಲ. ತಾನು ಹಣ ಕೊಡಲು ಸಿದ್ಧನಿದ್ದೆ ಎಂದು ತೋರಿಸಬಲ್ಲ ಕೊಳ್ಳುವವನು ಸಾಮಾನ್ಯವಾಗಿ ಮೂರು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಿ, ಕರಾರಿನಂತೆ ಮನೆಯನ್ನೇ ಬರೆದುಕೊಡಿ ಎಂದು ಕೇಳಬಹುದು. ನಮ್ಮ ಪ್ರಕರಣದ ಕಾಲಕ್ಕೆ ಇದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. 2018ರ ತಿದ್ದುಪಡಿ ಬಂದ ಮೇಲೆ, ಕಾಯ್ದೆಯಲ್ಲೇ ಹೇಳಿದ ವಿನಾಯಿತಿಗಳನ್ನು ಬಿಟ್ಟರೆ, ನ್ಯಾಯಾಲಯ ಕರಾರನ್ನು ಜಾರಿಗೊಳಿಸಬೇಕೆಂಬುದೇ ನಿಯಮವಾಗಿದೆ. ಕರಾರಿನ ವಿಷಯ ತಿಳಿದೂ ಮಧ್ಯೆ ಬಂದು ಕೊಂಡವನಿಗೂ ಇದರಿಂದ ರಕ್ಷಣೆ ಇಲ್ಲ.

ಇನ್ನು ವಾಗ್ದಾನದ ಮಾತು. ಇಂತಹ ಕರಾರನ್ನು ಮಾರಾಟವೆನ್ನಬೇಕೇ ವಾಗ್ದಾನವೆನ್ನಬೇಕೇ ಎಂದು ವಿದ್ವಾಂಸರು ಚರ್ಚಿಸಲಿ. ವಾಗ್ದಾನವೆಂದೇ ಇಟ್ಟುಕೊಂಡರೂ, ಕೊಟ್ಟ ಮಾತು ಮುರಿಯುವುದನ್ನು ಪ್ರವಾದಿವರ್ಯರು(ಸ) ಎಣಿಸಿದ್ದು ಕಪಟಿಯ ಲಕ್ಷಣಗಳಲ್ಲಿ. ಹಲಾಲನ್ನು ಹರಾಮ್ ಮಾಡುವ, ಹರಾಮನ್ನು ಹಲಾಲ್ ಮಾಡುವ ಶರ್ತಗಳನ್ನು ಬಿಟ್ಟು ಮುಸ್ಲಿಮರು ತಾವು ಒಪ್ಪಿದ ಶರ್ತಗಳಿಗೆ ಬದ್ಧರು ಎಂಬ ಹದೀಸ್ ತಿರ್ಮಿದಿಯಲ್ಲಿದೆ. ಒಬ್ಬನ ವ್ಯಾಪಾರದ ಮೇಲೆ ಇನ್ನೊಬ್ಬ ಹೋಗಿ ವ್ಯಾಪಾರ ಮಾಡಬಾರದೆಂಬ ನಿಷೇಧವೂ ಪ್ರಸಿದ್ಧವೇ. 32 ಲಕ್ಷ ಹಿಡಿದು ಬಂದವರಿಗೂ ಅದು ಅನ್ವಯಿಸುತ್ತದೆ. ಅವರನ್ನು ಮಾತ್ರ ನಾವ್ಯಾರೂ ಬೈಯುವುದಿಲ್ಲ!

ನಾನು ಅಣ್ಣಂದಿರಿಗೆ ಅಬೂ ರಾಫಿಅ್(ರ)ರ ಘಟನೆ ಹೇಳಿದೆ. ಬುಖಾರಿಯಲ್ಲಿರುವ ಈ ಘಟನೆ ಮನೆ ಮಾರುವ ಪ್ರತಿಯೊಬ್ಬರಿಗೂ ತಿಳಿದಿರಬೇಕು. ಪ್ರವಾದಿವರ್ಯರು(ಸ) ವಿಮೋಚನೆಗೊಳಿಸಿದ ಸೇವಕರು ಅವರು. ಸಅದ್ ಬಿನ್ ಅಬೀ ವಕ್ಕಾಸ್(ರ)ರ ಆವರಣದೊಳಗಿದ್ದ ತಮ್ಮ ಎರಡು ವಾಸದ ಕೋಣೆಗಳನ್ನು ಕೊಳ್ಳುವಂತೆ ಸಅದ್‌ರನ್ನು ಕೇಳಿದರು. ಸಅದ್‌ರು 4000 ದಿರ್ಹಮ್‌ಗಿಂತ ಹೆಚ್ಚು ಕೊಡಲು ಒಪ್ಪಲಿಲ್ಲ, ಅದೂ ಕಂತಿನಲ್ಲಿ. ಅಬೂ ರಾಫಿಅ್‌ರಿಗೆ ಬೇರೆಯವರಿಂದ 500 ದೀನಾರ್ ನಗದು ಬರುವುದಿತ್ತು. ದೀನಾರಿಗೆ 10 ದಿರ್ಹಮ್‌ನಂತೆ ಲೆಕ್ಕ ಹಾಕಿದರೂ ಅದು 5000. ಆದರೂ ಅವರು ಸಅದ್‌ರಿಗೇ ಕೊಟ್ಟರು. ಕಾರಣ, ಸಮೀಪದ ನೆರೆಯವನಿಗೆ ಹೆಚ್ಚಿನ ಹಕ್ಕಿದೆ ಎಂದು ಪ್ರವಾದಿವರ್ಯರಿಂದ(ಸ) ಕೇಳಿದ್ದರು. ಅಲ್ಲಿ ಬರೆದ ಕರಾರು ಇರಲಿಲ್ಲ, ಮುಂಗಡ ಇರಲಿಲ್ಲ, ಸಹಿಯೂ ಇರಲಿಲ್ಲ. ಕೇಳಿದ ಒಂದು ಮಾತಿಗಾಗಿ ಸಾವಿರ ದಿರ್ಹಮ್ ಬಿಟ್ಟರು.

ದೊಡ್ಡಣ್ಣ ಕೇಳಿ, “ಅವರು ಸಹಾಬಿಗಳು. ನಾವು ಸಾಲಗಾರರು” ಎಂದರು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಚಿಕ್ಕಣ್ಣನ ಅಂಗಡಿಯ ಸ್ಥಿತಿ ನನಗೆ ಗೊತ್ತಿತ್ತು. ಆದರೆ ಒಂದು ಮಾತು ಹೇಳಿದೆ: “ನನಗೆ ಮನಸ್ಸಿಲ್ಲ ಅಂತ ಮಾತ್ರ ಹೇಳಬೇಡಿ. ನಿಮಗೆ ಮನಸ್ಸಿಲ್ಲದಿದ್ದರೆ ನಿಮ್ಮ ಹೆಸರಿನಲ್ಲೇ ಹೇಳಿ. ಅವಧಿ ಮುಗಿಯುವ ದಿನ ನಾನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕೂರುತ್ತೇನೆ. ಆ ಸಹಿ ನನ್ನದೇ ಅಲ್ಲವೇ?” ಉಮ್ಮ ಅಷ್ಟು ಹೊತ್ತೂ ತಸ್ಬೀಹ್ ಹಿಡಿದು ಸುಮ್ಮನೆ ಕೂತಿದ್ದವರು, “ನನ್ನನ್ನೂ ಕರೆದುಕೊಂಡು ಹೋಗು” ಎಂದರು.

ಎರಡಕ್ಕೆ ನಾಲ್ಕು ಕೊಡುವ ಮಾತಿನ ಬಗ್ಗೆಯೂ ಹೇಳಬೇಕು. ಎಷ್ಟೋ ಮನೆಗಳಲ್ಲಿ, ಮುಂಗಡದ ಇಮ್ಮಡಿ ಬಿಸಾಕಿದರೆ ಕರಾರು ಮುಗಿಯಿತು ಎಂದೇ ತಿಳಿದಿದ್ದಾರೆ. ಹಾಗೆಂದು ಕರಾರಿನಲ್ಲಿ ಇಬ್ಬರೂ ಒಪ್ಪಿ ಬರೆದಿದ್ದರೆ ಅದು ಬೇರೆ ವಿಷಯ. ಉಮರ್(ರ)ರ ಕಾಲದಲ್ಲಿ ಮಕ್ಕಾದಲ್ಲಿ ಸೆರೆಮನೆಗಾಗಿ ನಾಫಿಅ್ ಬಿನ್ ಅಬ್ದುಲ್ ಹಾರಿಸ್‌ರು ಸಫ್ವಾನ್ ಬಿನ್ ಉಮಯ್ಯಾರ ಮನೆ ಕೊಂಡಾಗ, ಉಮರ್‌ರು ಒಪ್ಪಿದರೆ ಮಾರಾಟ ಊರ್ಜಿತ, ಒಪ್ಪದಿದ್ದರೆ ಸಫ್ವಾನ್‌ರಿಗೆ 400 ಎಂದು ಮೊದಲೇ ಮಾತಾಗಿತ್ತು. ಮುಂಗಡವನ್ನು ಮುಟ್ಟುಗೋಲು ಹಾಕಿಕೊಳ್ಳುವುದನ್ನು ಹೆಚ್ಚಿನ ಇಮಾಮರು ಒಪ್ಪಿಲ್ಲ, ಇಮಾಮ್ ಅಹ್ಮದ್‌ರು ಅನುಮತಿಸಿದ್ದಾರೆ. ಅದು ಏನೇ ಇರಲಿ, ಬರೆಯದ ಶರ್ತವನ್ನು ಬೆಲೆ ಏರಿದ ಮೇಲೆ ನಾವೇ ಸೇರಿಸಿಕೊಳ್ಳುವಂತಿಲ್ಲ. ನಿಜವಾದ ಸಂಕಷ್ಟವಿದ್ದರೆ ಹೋಗಿ ಕೇಳಿಕೊಳ್ಳಬಹುದು. ಪಶ್ಚಾತ್ತಾಪಪಟ್ಟವನನ್ನು ವ್ಯಾಪಾರದಿಂದ ಬಿಡುಗಡೆ ಮಾಡುವವನಿಗೆ ಪುಣ್ಯವಿದೆಯೆಂದು ಹದೀಸ್‌ನಲ್ಲಿದೆ. ಆದರೆ ಬಿಡುವುದೂ ಬಿಡದಿರುವುದೂ ಎದುರಿನವರ ಇಷ್ಟ. ಕೊಳ್ಳುವವರಿಗೂ ಇದೇ ಮಾತು. ಗಲ್ಫ್‌ನಿಂದ ಹಣ ಬಂದಿಲ್ಲವೆಂದು ಅವಧಿ ದಾಟಿಸುವವರು, ದಾಟುವ ಮೊದಲೇ ಕೇಳಿ, ಅದೇ ಕಾಗದದಲ್ಲಿ ಹೊಸ ತಾರೀಕು ಬರೆಸಿ ಎಲ್ಲರ ಸಹಿ ಪಡೆಯಲಿ.

ನಿಮ್ಮ ಸಹಿಗೆ ಸಂಬಂಧಿಸಿದ ಇನ್ನೊಂದು ವಿಷಯ. ಗಂಡ ತೀರಿಕೊಂಡ ಮೇಲೆ ಸಣ್ಣ ಮಕ್ಕಳ ಪರವಾಗಿ ತಾಯಿಯೇ ಮನೆ ಮಾರಾಟಕ್ಕೆ ಸಹಿ ಹಾಕುವುದನ್ನು ನಾನು ಕಂಡಿದ್ದೇನೆ. ನಮ್ಮ ದೇಶದಲ್ಲಿ ಜಾರಿಯಲ್ಲಿರುವ ಮುಸ್ಲಿಮ್ ಕಾನೂನಿನಲ್ಲಿ ತಾಯಿ ಮಕ್ಕಳ ಸ್ಥಿರಾಸ್ತಿಯ ಪಾಲಕಿಯಲ್ಲ. 1918ರಲ್ಲೇ ಪ್ರಿವಿ ಕೌನ್ಸಿಲ್ ಇದನ್ನು ಸ್ಪಷ್ಟಪಡಿಸಿತ್ತು. ನ್ಯಾಯಾಲಯದಿಂದ ಪಾಲಕಿಯಾಗಿ ನೇಮಕಗೊಂಡು, ಮಾರಲು ಅನುಮತಿ ಪಡೆಯದೆ ಹಾಕಿದ ಸಹಿಯಿಂದ ಮಕ್ಕಳ ಪಾಲು ಹೋಗುವುದಿಲ್ಲ. ಮುಂದೆ ಕೊಂಡವರು ಬಂದು ನಿಮ್ಮನ್ನೇ ಕೇಳುತ್ತಾರೆ. ಪೂರೈಸಲಾಗದ ಕರಾರಿಗೆ ಸಹಿ ಹಾಕದಿರುವುದೂ ಕರಾರು ಪಾಲನೆಯೇ.

ಹಾಗೆಯೇ ಕಾಗದದಲ್ಲೊಂದು ಬೆಲೆ, ಕೈಯಲ್ಲೊಂದು ಬೆಲೆ ಬೇಡ. ಸುಳ್ಳು ಬರೆದ ಮೇಲೆ ಅದರ ಯಾವ ಶರ್ತಕ್ಕೆ ನಿಷ್ಠರಾಗಿರುವುದು? ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದನ್ನು 2015ರ ಜೂನ್‌ನಲ್ಲಿ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧಿಸಲಾಯಿತು. ಮುಂಗಡವೂ ಅದರಲ್ಲಿ ಸೇರಿದೆ.

ನಮ್ಮ ರಿಜಿಸ್ಟ್ರಿ ಅವಧಿಗೆ ಎರಡು ದಿನ ಮೊದಲು ನಡೆಯಿತು. 24 ಲಕ್ಷಕ್ಕೇ. ನನ್ನ ಪಾಲಿನಿಂದ 1 ಲಕ್ಷ ಚಿಕ್ಕಣ್ಣನಿಗೆ ಸಾಲವಾಗಿ ಕೊಟ್ಟೆ, ಅದನ್ನೂ ಬರೆದಿಟ್ಟೆವು. ಆ ವರ್ಷದ ಬಕ್ರೀದ್‌ಗೆ ದೊಡ್ಡಣ್ಣ ನನ್ನ ಮನೆಗೆ ಬರಲಿಲ್ಲ. ನಾನು ಅವರಿಗೆಂದು ತೆಗೆದಿಟ್ಟ ಮಾಂಸವನ್ನು ಮಗನ ಕೈಯಲ್ಲಿ ಕಳಿಸಿದೆ. ಅವರು ತೆಗೆದುಕೊಂಡರು, ಅಷ್ಟೇ.

ತೆರವು ಮಾಡುವ ದಿನ ಬಂದಾಗ ದೊಡ್ಡಣ್ಣನ ಮನೆಯ ಮೇಲಿನ ಕೋಣೆ ಇನ್ನೂ ಮುಗಿದಿರಲಿಲ್ಲ. ಇನ್ನೊಂದು ತಿಂಗಳು ಕೇಳೋಣ, ಅವಳು ಇಲ್ಲವೆನ್ನಲಿಕ್ಕಿಲ್ಲ ಎಂದು ನನಗೇ ಅನ್ನಿಸಿತ್ತು. ಉಮ್ಮ ಒಪ್ಪಲಿಲ್ಲ. ಎರಡು ಟ್ರಂಕು, ಒಂದು ಮುಸಲ್ಲಾ, ತಂದೆಯ ಕುರ್ಚಿಯೊಂದಿಗೆ ನನ್ನ ಮನೆಗೆ ಬಂದರು. ಹೊರಡುವಾಗ ಬಾವಿಕಟ್ಟೆಯ ಕಡೆ ನೋಡಿ, “ಪಂಪು ಎಲ್ಲಿ?” ಎಂದು ಕೇಳಿದರು. ಅದನ್ನು ಚಿಕ್ಕಣ್ಣ ಹಿಂದಿನ ವಾರವೇ ಬಿಚ್ಚಿಕೊಂಡು ಹೋಗಿದ್ದರು. ತನ್ನ ಹಣದಲ್ಲಿ ಹಾಕಿಸಿದ್ದೆಂದು ಅವರ ವಾದ. ನಾನು ಕರಾರಿನ ಪ್ರತಿ ತೆರೆದು ಆ ಸಾಲನ್ನು ದೊಡ್ಡಣ್ಣನಿಗೆ ತೋರಿಸಿದೆ. ಅವರು ನನ್ನ ಮುಖ ನೋಡದೆ ಸಾಲು ಓದಿದರು, ಫೋನ್ ಮಾಡಿದರು. ಅಸರ್ ಬಾಂಗಿನ ಹೊತ್ತಿಗೆ ಆಟೋರಿಕ್ಷಾದಲ್ಲಿ ಪಂಪ್ ಬಂತು. ಅದನ್ನು ಮತ್ತೆ ಜೋಡಿಸಿದ ಎಲೆಕ್ಟ್ರಿಷಿಯನ್‌ನ ಕೂಲಿಯನ್ನು ದೊಡ್ಡಣ್ಣನೇ ಕೊಟ್ಟರು.