ತೋಳಿನ ಮೇಲೊಂದು ಕೆಸುವಿನ ಎಲೆ

ನ್ಯೂಜೆರ್ಸಿಯ ನಮ್ಮ ಊರಿನಲ್ಲಿ ಭಾನುವಾರ ಬೆಳಿಗ್ಗೆ ಹಳೆ ಸಾಮಾನಿನ ಸಂತೆ ನಡೆಯುತ್ತದೆ. 11 ವರ್ಷಗಳ ಹಿಂದೆ ಅಲ್ಲಿ ತುಕ್ಕು ಹಿಡಿದ ಇಕ್ಕಳ, ಕಿವಿ ಮುರಿದ ಪಿಂಗಾಣಿ ಬಟ್ಟಲುಗಳ ನಡುವೆ ಒಂದು ಬಿಸ್ಕತ್ತಿನ ಡಬ್ಬಿ ಕಂಡಿತು. ಮುಚ್ಚಳ ತೆಗೆದರೆ ತುಂಬ ಬಟ್ಟೆಯ ಬಿಲ್ಲೆಗಳು. ಹದ್ದು, ಕುದುರೆಯ ತಲೆ, ಕತ್ತಿ, ನಕ್ಷತ್ರ. ಸೈನಿಕರ ಅಂಗಿಯ ತೋಳಿಗೆ ಹೊಲಿಯುವ ಪ್ಯಾಚ್‌ಗಳು. ಅವುಗಳೊಳಗೆ ಒಂದು ಕೆಂಪು ಎಲೆ ಇತ್ತು. ಸುತ್ತ ಹಳದಿ ಅಂಚು, ನಡುವೆ ಮೇಲಿನಿಂದ ಕೆಳಕ್ಕಿಳಿದ ಹಳದಿ ಮಿಂಚು. ಮೇಜಿನ ಹಿಂದೆ ಕುಳಿತಿದ್ದ ಹಿರಿಯರು, ‘ಅದಾ? ಕರೆಂಟು ಹೊಡೆದ ಸ್ಟ್ರಾಬೆರಿ’ ಎಂದರು. ನಾನು ತೀರ್ಥಹಳ್ಳಿ ಕಡೆಯವಳು. ಮಳೆಗಾಲದಲ್ಲಿ ಪತ್ರೊಡೆಗೆಂದು ಎಲೆ ಕುಯ್ದು ತಂದು, ನಾರು ತೆಗೆದು, ಕೈಯೆಲ್ಲ ತುರಿಸಿಕೊಂಡು ಬೆಳೆದವಳು. ಅದು ಸ್ಟ್ರಾಬೆರಿಯಲ್ಲ, ಕೆಸುವಿನ ಎಲೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡು ಡಾಲರ್ ಕೊಟ್ಟು ಮನೆಗೆ ತಂದೆ.

ಅದು ಅಮೆರಿಕದ 25ನೇ ಇನ್‌ಫೆಂಟ್ರಿ ಡಿವಿಷನ್ನಿನ ಲಾಂಛನ. ಆ ಪಡೆಯನ್ನು ಕಟ್ಟಿದ್ದು 1941ರ ಅಕ್ಟೋಬರ್‌ನಲ್ಲಿ, ಹವಾಯಿಯ ಸ್ಕೋಫೀಲ್ಡ್ ಬ್ಯಾರಕ್ಸ್‌ನಲ್ಲಿ. ಹವಾಯಿಯ ಮೂಲನಿವಾಸಿಗಳಿಗೆ ಕೆಸುವಿನ ಗೆಡ್ಡೆಯೇ ಅನ್ನ; ಕೆಂಪು, ಹಳದಿ ಅಲ್ಲಿನ ಹಳೆಯ ಅರಸು ಮನೆತನದ ಬಣ್ಣಗಳು. ಎರಡನೇ ಮಹಾಯುದ್ಧದಲ್ಲಿ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಈ ಡಿವಿಷನ್ನನ್ನು ನಡೆಸಿದ ಜನರಲ್ ಕಾಲಿನ್ಸ್‌ಗೆ ‘ಲೈಟ್ನಿಂಗ್ ಜೋ’ ಎಂಬ ಅಡ್ಡಹೆಸರಿತ್ತು. ಮಿಂಚಿನ ಮಾತು ಪಡೆಗೂ ಅಂಟಿಕೊಂಡು ‘ಟ್ರಾಪಿಕ್ ಲೈಟ್ನಿಂಗ್’ ಎಂಬ ಹೆಸರು 1953ರಲ್ಲಿ ಅಧಿಕೃತವಾಯಿತು. ಇದರ ಅಣ್ಣನಂತಿದ್ದ 24ನೇ ಡಿವಿಷನ್ನಿನ ತೋಳಿನಲ್ಲೂ ಕೆಸುವೇ ಇತ್ತು. ಅಲ್ಲಿ ಎಲೆ ಹಸಿರು, ಕೂತಿರುವುದು ಕೆಂಪು ವೃತ್ತದೊಳಗೆ. ಎರಡೂ ಪಡೆಗಳು ಹಳೆಯ ಹವಾಯಿ ಡಿವಿಷನ್ ಒಡೆದು ಆದವು. ಕೆಸು ಆ ಮನೆಯ ಆಸ್ತಿ.

ತೋಳಿಗೆ ಹೀಗೆ ಗುರುತು ಹೊಲಿದುಕೊಳ್ಳುವ ಪದ್ಧತಿ ಅಮೆರಿಕದ ಸೈನ್ಯಕ್ಕೆ ಬಂದದ್ದು 1918ರಲ್ಲಿ. ದಕ್ಷಿಣ ಕೆರೊಲಿನಾದಲ್ಲಿ ತರಬೇತಿ ಪಡೆದ 81ನೇ ಡಿವಿಷನ್ ತನ್ನ ಶಿಬಿರದ ಹತ್ತಿರದ ಹಳ್ಳದ ಹೆಸರಿನಲ್ಲಿದ್ದ ಕಾಡುಬೆಕ್ಕನ್ನು ತೋಳಿಗೇರಿಸಿ ಫ್ರಾನ್ಸಿಗೆ ಹೋಯಿತು. ಇತರ ಪಡೆಗಳವರು ತಕರಾರು ಎತ್ತಿದರು. ದಂಡನಾಯಕ ಪರ್ಶಿಂಗ್ ಅದನ್ನು ಕೀಳಿಸುವ ಬದಲು ಉಳಿದ ಡಿವಿಷನ್‌ಗಳಿಗೂ ಒಂದೊಂದು ಗುರುತು ಮಾಡಿಕೊಳ್ಳಲು ಹೇಳಿದರು. ಸಂಗ್ರಹಿಸುವವರೂ ತಡಮಾಡಲಿಲ್ಲ, ಅಮೆರಿಕದ ಸೇನಾ ಲಾಂಛನ ಸಂಗ್ರಹಕಾರರ ಸಂಘ ಹುಟ್ಟಿದ್ದು 1937ರಲ್ಲಿ.

ಬಹಳ ಮಂದಿಗೆ ಬೇಕಾಗುವುದು ಎರಡನೇ ಮಹಾಯುದ್ಧದ ಪ್ಯಾಚ್‌ಗಳು. ನನ್ನ ಮನಸ್ಸು ನಿಂತಿರುವುದು 1945ರ ನಂತರದವುಗಳ ಮೇಲೆ. ಯುದ್ಧ ಮುಗಿದರೂ ಆ ಸೈನ್ಯ ಪೂರ್ತಿ ಮನೆಗೆ ಹೋಗಲಿಲ್ಲ. ಜಪಾನ್, ಜರ್ಮನಿ, ಓಕಿನಾವಾ, ಆಮೇಲೆ ಕೊರಿಯಾ, ವಿಯೆಟ್ನಾಂ ಎಂದು ಬೇರೆಯವರ ನೆಲದಲ್ಲಿ ವರ್ಷಗಟ್ಟಲೆ ಉಳಿಯಿತು. ಪ್ಯಾಚ್ ಹರಿದರೆ, ಬಡ್ತಿ ಸಿಕ್ಕರೆ, ಬೇರೆ ಪಡೆಗೆ ವರ್ಗವಾದರೆ ಸೈನಿಕ ಹೋಗುತ್ತಿದ್ದುದು ಸೇನಾ ನೆಲೆಯ ಗೇಟಿನಾಚೆ ಅಂಗಡಿ ಇಟ್ಟ ಟೈಲರ್ ಬಳಿಗೆ. ಹಾಗಾಗಿ ಅಮೆರಿಕದ ಸೈನ್ಯದ ಎಷ್ಟೋ ಗುರುತುಗಳನ್ನು ಹೊಲಿದದ್ದು ಅಮೆರಿಕದವರಲ್ಲ. ನಿನ್ನೆಯವರೆಗೆ ಶತ್ರುಗಳಾಗಿದ್ದವರು, ಮನೆ ಕಳೆದುಕೊಂಡವರು, ಹೊಟ್ಟೆಪಾಡಿಗೆ ಒಂದು ಹೊಲಿಗೆ ಯಂತ್ರವನ್ನು ನಂಬಿ ಕೂತವರು. ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಪ್ಯಾಚನ್ನು ಮಗುಚಿದರೆ ಮಾತ್ರ ಅವರ ಕೈ ಕಾಣುತ್ತದೆ.

ಆದ್ದರಿಂದ ನಾನು ಮೊದಲು ನೋಡುವುದು ಹಿಂಬದಿಯನ್ನೇ. ಎರಡು ಡಾಲರಿನ ಆ ಎಲೆ ಅಮೆರಿಕದಲ್ಲೇ ತಯಾರಾದದ್ದು. ಬಹುಶಃ ನಮ್ಮ ಮನೆಯಿಂದ ದೂರವಲ್ಲದ ಯೂನಿಯನ್ ಸಿಟಿಯ ಕಡೆ. ಸ್ವಿಟ್ಜರ್‌ಲೆಂಡಿನ ಐಸಾಕ್ ಗ್ರೋಬ್ಲಿ 1863ರಲ್ಲಿ ರೂಪಿಸಿದ ಶಿಫ್ಲಿ ಯಂತ್ರವನ್ನು ಆ ದೇಶದಿಂದ ಬಂದ ವಲಸಿಗರು ಇಲ್ಲಿ ತಂದಿಟ್ಟರು. ನೂರಾರು ಸೂಜಿಗಳು ಸಾಲಾಗಿ ನಿಂತು ಅಗಲ ಬಟ್ಟೆಯ ಮೇಲೆ ಒಂದೇ ಚಿತ್ರವನ್ನು ಒಟ್ಟಿಗೆ ಕಸೂತಿ ಮಾಡುತ್ತವೆ. ಹಿಂದಿನಿಂದ ದೋಣಿಯಾಕಾರದ ಲಾಳಿ ಅಡಿನೂಲು ಕೊಡುತ್ತದೆ. ಹಡ್ಸನ್ ಕೌಂಟಿಯ ಬೀದಿಗಳಲ್ಲಿ ಒಂದು ಕಾಲಕ್ಕೆ ಮನೆಯ ಹಿತ್ತಲುಗಳಲ್ಲೂ ಈ ಯಂತ್ರ ಸದ್ದು ಮಾಡುತ್ತಿತ್ತು. ಈಗ ಬಹುಪಾಲು ಕಾರ್ಖಾನೆಗಳು ಬಾಗಿಲು ಹಾಕಿವೆ.

ಹಾಗೆ ಹೊಲಿದ ಬಟ್ಟೆಯಿಂದ ಒಂದೊಂದನ್ನೇ ಕತ್ತರಿಸಿ ತೆಗೆದರೆ ಅಂಚು ತೆಳ್ಳಗೆ, ಚಪ್ಪಟೆಯಾಗಿ ಉಳಿಯುತ್ತದೆ. ಇವು ‘ಕಟ್ ಎಡ್ಜ್’. 1960ರ ದಶಕದ ಕೊನೆಯ ಹೊತ್ತಿಗೆ ದಪ್ಪ ಹುರಿಯಂಥ ಅಂಚು ಎಲ್ಲ ಕಡೆ ಬಂತು. ಕನೆಕ್ಟಿಕಟ್ಟಿನ ಮೆರೋ ಕಂಪನಿಯ ಓವರ್‌ಲಾಕ್ ಯಂತ್ರದಿಂದ ಬಂದದ್ದರಿಂದ ಅದಕ್ಕೆ ‘ಮೆರೋ’ ಎಂದೇ ಹೆಸರು. ಸೀರೆಯಂಚಿಗೆ ಪಿಕೋ ಹಾಕಿಸಿದವರಿಗೆ ಅದರ ರೀತಿ ಗೊತ್ತು; ಇಲ್ಲಿ ನೂಲು ಅದಕ್ಕಿಂತ ಬಹಳ ದಪ್ಪ. ಸುತ್ತು ಮುಗಿದಲ್ಲಿ ಒಂದು ನೂಲಿನ ಬಾಲ ಉಳಿಯುತ್ತದೆ, ಅದನ್ನು ಹಿಂದಕ್ಕೆ ಮಡಚಿ ಅಂಟಿಸಿರುತ್ತಾರೆ. ನನ್ನ ಎಲೆಗೆ ಬಾಲವಿಲ್ಲ. ಕತ್ತರಿಸಿದ ಅಂಚು, ಬೆನ್ನ ಮೇಲೆ ಬಿಳಿ ಅಡಿನೂಲು. ಮೂರು ಕಡೆ ಕಂದು ದಾರದ ತುಣುಕು ಸಿಕ್ಕಿಕೊಂಡಿದೆ. ಅಂದರೆ ಇದು ಮಾರಾಟಕ್ಕೆ ಇಟ್ಟದ್ದಲ್ಲ, ಯಾವುದೋ ತೋಳಿನ ಮೇಲಿದ್ದದ್ದು.

ಎರಡನೆಯ ಎಲೆ ಸಿಗಲು ನಾಲ್ಕು ವರ್ಷ ಹಿಡಿಯಿತು. ಯುದ್ಧದ ನಂತರ 25ನೇ ಡಿವಿಷನ್ ಜಪಾನಿನ ಓಸಾಕಾದ ಸುತ್ತಮುತ್ತ ಬೀಡುಬಿಟ್ಟಿತ್ತು. ಅದರ 27ನೇ ರೆಜಿಮೆಂಟಿನವರು 1949ರ ಕ್ರಿಸ್‌ಮಸ್‌ನಲ್ಲಿ ಅಲ್ಲಿನ ಅನಾಥಾಲಯವೊಂದಕ್ಕೆ ಹೋದವರು ಆ ಮಕ್ಕಳ ಕೈಬಿಡಲಿಲ್ಲ. ಸಾರ್ಜೆಂಟ್ ಹ್ಯೂ ಓ’ರೈಲಿ ಶುರುಮಾಡಿದ ಆ ನಂಟು ತಲೆಮಾರು ದಾಟಿ ಬಂದಿದೆ. ನನ್ನ ಎರಡನೆಯ ಎಲೆ ಆ ದಿನಗಳದ್ದು. ನೂಲಿಗೆ ರೇಷ್ಮೆಯ ಹೊಳಪು. ದೀಪದಡಿ ಓರೆ ಹಿಡಿದರೆ ಕೆಂಪು ಎರಡು ಬಗೆಯಾಗಿ ಕಾಣುತ್ತದೆ, ಏಕೆಂದರೆ ಹೊಲಿದವರು ಎಡ ಅರ್ಧಕ್ಕೆ ಒಂದು ದಿಕ್ಕಿನಲ್ಲಿ, ಬಲ ಅರ್ಧಕ್ಕೆ ಇನ್ನೊಂದು ದಿಕ್ಕಿನಲ್ಲಿ ಸೂಜಿ ಓಡಿಸಿದ್ದಾರೆ. ಶಿಫ್ಲಿ ಯಂತ್ರಕ್ಕೆ ಆ ಯೋಚನೆ ಬರುವುದಿಲ್ಲ. ಬೆನ್ನಿಗೆ ತೆಳು ಜಾಳಿಬಟ್ಟೆ, ಅದರ ಮೇಲೆ ಬಣ್ಣದಿಂದ ಬಣ್ಣಕ್ಕೆ ಹಾರಿದ ನೂಲು. ಮಿಂಚಿನ ತುದಿಯಲ್ಲಿ ಹಳದಿ ಮುಗಿದು ಬಾಬಿನ್ ಬದಲಿಸಿದ ಗಂಟು ಕೂಡ ಇದೆ.

ಜರ್ಮನಿಯ ದರ್ಜಿಗಳು ಜರಿಯ ಕೆಲಸದಲ್ಲಿ ಪಳಗಿದವರು. 1946ರಿಂದ 1952ರವರೆಗೆ ಅಮೆರಿಕದ ಆಡಳಿತದಲ್ಲಿದ್ದ ಜರ್ಮನ್ ಪ್ರದೇಶದಲ್ಲಿ ಗಸ್ತು ತಿರುಗಿದ ಕಾನ್‌ಸ್ಟ್ಯಾಬ್ಯುಲರಿ ಪಡೆಯ ಹಳದಿ ಬಿಲ್ಲೆಗೆ ಅವರು ಚಿನ್ನದ ಬಣ್ಣದ ತಂತಿ ಹಾಕಿ ಹೊಲಿದ ಮಾದರಿಗಳಿವೆ. ಅದರಲ್ಲೂ ಒಂದು ಮಿಂಚಿದೆ. ಅಲ್ಲಿಯ ಜನ ಆ ಪಡೆಯನ್ನು ಮಿಂಚಿನ ಪೊಲೀಸರು ಎನ್ನುತ್ತಿದ್ದರು. ಇದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಜನರಲ್ ಐಸೆನ್‌ಹೋವರರ ಯುದ್ಧಕಾಲದ ಕೇಂದ್ರ ಕಚೇರಿಯ ಪ್ಯಾಚ್. ಕಪ್ಪು ಗುರಾಣಿ, ಅದರ ಮೇಲೆ ಉರಿಯುವ ಕತ್ತಿ, ಮೇಲೊಂದು ಕಾಮನಬಿಲ್ಲು. ಕಪ್ಪು ಎಂದರೆ ನಾಜಿ ದಬ್ಬಾಳಿಕೆಯ ಕತ್ತಲೆ. ಯುದ್ಧ ಮುಗಿದ ಮೇಲೆ ಯುರೋಪಿನಲ್ಲಿ ಉಳಿದ ಸೈನ್ಯ ಅದೇ ಕತ್ತಿ, ಅದೇ ಕಾಮನಬಿಲ್ಲು ಇಟ್ಟುಕೊಂಡು ಕಪ್ಪನ್ನು ನೀಲಿ ಮಾಡಿತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಂಗೈಯಗಲದ ಬಟ್ಟೆಯಲ್ಲಿ ಯುದ್ಧ ಮುಗಿದದ್ದು ಕಾಣುತ್ತದೆ.

ನಮ್ಮವರು ಮನೆಗೆ ಬಂದಾಗ ಹೆಚ್ಚು ಹೊತ್ತು ನೋಡುವುದು ನನ್ನ ಆಲ್ಬಮ್ಮಿನ 45ನೇ ಡಿವಿಷನ್ನಿನ ಪುಟವನ್ನು. ಓಕ್ಲಹೋಮಾ, ಕೊಲೊರಾಡೋ, ನ್ಯೂಮೆಕ್ಸಿಕೋ, ಅರಿಝೋನಾ ರಾಜ್ಯಗಳ ಈ ನ್ಯಾಷನಲ್ ಗಾರ್ಡ್ ಪಡೆಯ ಮೊದಲ ಲಾಂಛನ ಕೆಂಪು ಚೌಕದೊಳಗಿನ ಹಳದಿ ಸ್ವಸ್ತಿಕ. ಆ ಸೀಮೆಯ ಮೂಲನಿವಾಸಿಗಳಿಗೂ ಅದು ಶುಭಚಿಹ್ನೆಯಾಗಿತ್ತು. ಹಿಟ್ಲರ್ ಬಂದ ಮೇಲೆ ಇಟ್ಟುಕೊಳ್ಳುವಂತಿರಲಿಲ್ಲ. 1939ರಲ್ಲಿ ಕಯೋವಾ ಜನಾಂಗದ ಕಲಾವಿದ ವುಡಿ ಬಿಗ್ ಬೋ ಬರೆದ ಗುಡುಗುಪಕ್ಷಿ ಆ ಜಾಗಕ್ಕೆ ಬಂತು. ಕೆಂಪು ಚೌಕ ಹಾಗೇ ಉಳಿಯಿತು. 1951ರ ಡಿಸೆಂಬರ್‌ನಲ್ಲಿ ಆ ಹಕ್ಕಿ ಕೊರಿಯಾ ತಲುಪಿತು.

ಕೊರಿಯಾ ಎಂದಾಗ ಭಾರತದ ಕತೆಯೂ ಬರುತ್ತದೆ. 1951ರ ಮಾರ್ಚ್ 23ರಂದು ಮುನ್ಸಾನ್ ಬಳಿ ಅಮೆರಿಕದ 187ನೇ ವಾಯುಗಾಮಿ ಪಡೆ ಪ್ಯಾರಾಚೂಟ್‌ನಲ್ಲಿ ಧುಮುಕಿದಾಗ ಅವರ ಜೊತೆ ನಮ್ಮ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್‌ನ ತಂಡವೂ ಧುಮುಕಿತು. ಮುಂದಾಳು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್. 187ನೆಯವರಿಗೆ ‘ರಕ್ಕಸಾನ್’ ಎಂಬ ಹೆಸರು ಬಂದದ್ದು ಜಪಾನಿನಲ್ಲಿ, ಬೀಳುವ ಕೊಡೆ ಎಂಬ ಅರ್ಥದ ಅಲ್ಲಿನ ಮಾತಿನಿಂದ. ನನ್ನ ಕಿವಿಗೆ ಅದು ರಕ್ಕಸರು ಎಂದೇ ಬಿದ್ದಿತ್ತು. ಎರಡು ವರ್ಷದ ಬಳಿಕ ಅದೇ ನೆಲದಲ್ಲಿ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿ ಕೂತವರು ಕೊಡಗಿನ ತಿಮ್ಮಯ್ಯನವರು. ರಕ್ಕಸಾನರ ಪ್ಯಾಚ್ ಕೈಗೆ ಬಂದಾಗಲೆಲ್ಲ ಔಷಧದ ಪೆಟ್ಟಿಗೆಯೊಂದಿಗೆ ಆಕಾಶದಿಂದಿಳಿದ ಆ ವೈದ್ಯರು ನನಗೆ ನೆನಪಾಗುತ್ತಾರೆ.

ವಿಯೆಟ್ನಾಂ ಬೇರೆಯದೇ ಲೋಕ. ಕಾಡಿನಲ್ಲಿ ಕೆಂಪು ಹಳದಿ ಬಿಲ್ಲೆ ತೊಟ್ಟವನು ಗುರಿಗೆ ಸಿಗುತ್ತಾನೆ. ಆದ್ದರಿಂದ 1960ರ ದಶಕದ ನಡುವಿನಿಂದ ಬಣ್ಣ ಹೋಗಿ, ಹಸಿರಿನ ಮೇಲೆ ಕಪ್ಪು ನೂಲಿನ ‘ಸಬ್‌ಡ್ಯೂಡ್’ ಪ್ಯಾಚ್‌ಗಳು ಬಂದವು. ಎದೆಯ ಜೇಬಿನ ಮೇಲೆ ಮಾತ್ರ ಸಣ್ಣ ಸಣ್ಣ ತುಕಡಿಗಳು ತಮಗಿಷ್ಟ ಬಂದ ಗುರುತುಗಳನ್ನು ಸೈಗಾನಿನ ಟೈಲರ್‌ಗಳಿಂದ ಹೊಲಿಸಿಕೊಂಡವು. ಇಪ್ಪತ್ತೋ ಮೂವತ್ತೋ ತುಣುಕು ಮಾತ್ರ ಹೊಲಿಸಿದ ಇಂಥವಕ್ಕೆ ಇಂದು ದೊಡ್ಡ ಬೆಲೆ. ಬೆಲೆ ಇದ್ದಲ್ಲಿ ನಕಲು ಇದ್ದೇ ಇರುತ್ತದೆ. ಸೈಗಾನ್ ಈಗ ಹೋ ಚಿ ಮಿನ್ ನಗರ; ಅಲ್ಲಿನ ಡಾನ್ ಸಿನ್ ಮಾರುಕಟ್ಟೆಯಲ್ಲಿ ಅದೇ ಬಗೆಯ ಯಂತ್ರ, ಅದೇ ಬಗೆಯ ಕೈ ಇನ್ನೂ ಕೆಲಸ ಮಾಡುತ್ತಿವೆ.

ನಾನೂ ಮೋಸಹೋದೆ. ಒಂದು ಮೇಳದಲ್ಲಿ ವ್ಯಾಪಾರಿಯೊಬ್ಬರು ದೂರಗಸ್ತು ತುಕಡಿಯ ಕಮಾನು ಪಟ್ಟಿಯೊಂದನ್ನು, ಅದನ್ನು ತೊಟ್ಟಿದ್ದವರ ಮನೆಯಿಂದಲೇ ತಂದದ್ದೆಂದು ಕೊಟ್ಟರು. ಒಂದು ತಿಂಗಳ ಉಳಿತಾಯ ಅದಕ್ಕೆ ಹೋಯಿತು. ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದೆ. ನೂಲು ಹಗಲಿನಂತೆ ಬೆಳಗಿತು. ಇಷ್ಟರಿಂದಲೇ ನಕಲು ಎನ್ನಲಾಗದು. ಹತ್ತಿಯ ಹಳೆ ಪ್ಯಾಚ್ ಕೂಡ ಇತ್ತೀಚಿನ ಸೋಪಿನ ಪುಡಿಯಲ್ಲಿ ಒಗೆದರೆ ಹೊಳೆಯುತ್ತದೆ; ಆ ಪುಡಿಯಲ್ಲಿ ಬಿಳಿ ಹೆಚ್ಚಿಸುವ ರಾಸಾಯನಿಕ ಇರುತ್ತದೆ. ಆದರೆ ಬೆನ್ನು ನೋಡಿದರೆ ಕೊಳೆ ಒಂದೇ ಸಮ ಹರಡಿತ್ತು, ಚಹಾದ ನೀರಿನಲ್ಲಿ ಅದ್ದಿದ ಹಾಗೆ. ತೊಟ್ಟ ಪ್ಯಾಚಿನ ಕೊಳೆ ಹಾಗಿರುವುದಿಲ್ಲ. ಬೆವರು ತಾಗಿದ ಬೆನ್ನು ಒಂದು ಬಣ್ಣ, ಬಿಸಿಲು ತಾಗಿದ ಮುಖ ಇನ್ನೊಂದು, ಹೊಲಿಗೆಯಡಿ ಮುಚ್ಚಿಕೊಂಡ ಅಂಚು ಮಾತ್ರ ಹೊಸದರಂತೆ. ಆ ಪಟ್ಟಿಯನ್ನು ಎಸೆದಿಲ್ಲ. ಹೊಸಬರು ಬಂದಾಗ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.

ಅಮೆರಿಕದ ಸೈನ್ಯದಲ್ಲಿ ಎಡತೋಳಿನ ಪ್ಯಾಚ್ ಈಗಿರುವ ಪಡೆಯದ್ದು. ಬಲತೋಳಿನದ್ದು ಯುದ್ಧದಲ್ಲಿ ಜೊತೆಗಿದ್ದ ಪಡೆಯದ್ದು. ಎಡ ಬದಲಾಗುತ್ತಲೇ ಇರುತ್ತದೆ, ಬಲ ಇಡೀ ಸೇವಾವಧಿಗೆ ಉಳಿಯಬಹುದು. ಒಮ್ಮೆ ಸಂತೆಯಲ್ಲಿ ನನ್ನ ಕೈಯಲ್ಲಿದ್ದ ಕೆಂಪೆಲೆ ಕಂಡು ವಯಸ್ಸಾದವರೊಬ್ಬರು ಹತ್ತಿರ ಬಂದರು. ಮಾತಾಡಲಿಲ್ಲ. ತಮ್ಮ ಎಡಗೈ ಎತ್ತಿ ಬಲಭುಜದ ಕೆಳಗೆ, ಪ್ಯಾಚ್ ಇರುತ್ತಿದ್ದ ಜಾಗವನ್ನು ಎರಡು ಸಲ ತಟ್ಟಿದರು. ಆಮೇಲೆ ‘ಕು ಚಿ, ಅರವತ್ತೆಂಟು’ ಎಂದಷ್ಟೇ ಹೇಳಿ ಹೊರಟುಹೋದರು.

2005ರ ಹೊತ್ತಿಗೆ ಬಂದ ಹೊಸ ಯುದ್ಧ ಸಮವಸ್ತ್ರದಲ್ಲಿ ಪ್ಯಾಚ್‌ಗಳು ವೆಲ್ಕ್ರೋಗೆ ಅಂಟುತ್ತವೆ. ಒಂದು ಕ್ಷಣದಲ್ಲಿ ಕಿತ್ತು ಇನ್ನೊಂದು ಹಾಕಬಹುದು. ಸೈನಿಕನಿಗೆ ಅದು ಸುಲಭ. ಆದರೆ ಅವುಗಳ ಬೆನ್ನೆಲ್ಲ ಒಂದೇ ಪ್ಲಾಸ್ಟಿಕ್ಕಿನ ಕೊಕ್ಕೆಗಳ ಹಾಸು. ತೋಳಿಗೆ ಹಾಕಿದ ದಾರದ ತುಣುಕಿಲ್ಲ, ಗೇಟಿನಾಚೆಯ ಟೈಲರ್ ಹಾಕಿದ ಗಂಟಿಲ್ಲ. ನನ್ನ ಸಂಗ್ರಹ ಅಲ್ಲಿಗೆ ನಿಲ್ಲುತ್ತದೆ.

ಮೂರನೆಯ ಎಲೆಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. 1966ರಿಂದ 1970ರವರೆಗೆ 25ನೇ ಡಿವಿಷನ್ನಿನ ನೆಲೆ ಇದ್ದದ್ದು ವಿಯೆಟ್ನಾಮಿನ ಕು ಚಿಯಲ್ಲಿ. ಎದುರಾಳಿಗಳ ಸುರಂಗಗಳು ಅದೇ ನೆಲದಡಿ ಹಬ್ಬಿದ್ದವು. ಈ ಎಲೆಯನ್ನು ಹೊಲಿದದ್ದು ಆ ಸೀಮೆಯಲ್ಲಿ. ಹತ್ತಿ ಬಟ್ಟೆ, ಕಾಲಿನಿಂದ ತುಳಿಯುವ ಯಂತ್ರ, ಅಂಕುಡೊಂಕಾದ ಅಂಚು. ಸೈನ್ಯದ ಲಾಂಛನಗಳ ನಕ್ಷೆ ಕಾಯುವ ಕಚೇರಿ ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಲ್ಲಿದೆ. ಅಲ್ಲಿಯ ನಕ್ಷೆಗೆ ಇದು ಹೊಂದುವುದಿಲ್ಲ. ಅಮೆರಿಕದ ಕಾರ್ಖಾನೆಯ ಎಲೆಗೆ ತೊಟ್ಟು ಕೂಡುವಲ್ಲಿ ಇರುವುದು ಬರೀ ಒಂದು ಸಣ್ಣ ತಗ್ಗು. ಅದಕ್ಕೇ ಎಲ್ಲರಿಗೂ ಅದು ಹಣ್ಣಿನಂತೆ ಕಂಡಿತು. ಇಲ್ಲಿ ಆ ಸೀಳು ಆಳವಾಗಿ ಒಳಗೆ ಹೋಗಿದೆ, ಎರಡೂ ಕಿವಿಗಳು ದುಂಡಗೆ ಕೆಳಗಿಳಿದಿವೆ, ತುದಿ ಚೂಪಾಗಿದೆ. ಮಿಂಚಿನ ಇಕ್ಕೆಲಕ್ಕೆ, ನಕ್ಷೆಯಲ್ಲಿಲ್ಲದ ಎರಡು ಸಣ್ಣ ನರಗಳನ್ನು ಕಪ್ಪು ನೂಲಿನಲ್ಲಿ ಎಳೆದಿದ್ದಾರೆ. ವಿಯೆಟ್ನಾಮಿನ ಹಿತ್ತಲುಗಳಲ್ಲೂ ಕೆಸು ಬೆಳೆಯುತ್ತದೆ.