ಒಪ್ಪಿಸಿ ಹೋದವನು ಮರಳಿ ಬಂದ: ವೃದ್ಧಾಶ್ರಮದ ಆರೈಕೆಯನ್ನು ಅರಿಯುವುದು ಹೇಗೆ?



ಜುಲೈ 26 ಸಂತ ಜೋಕಿಮ್ ಹಾಗೂ ಸಂತ ಅನ್ನಮ್ಮನವರ ಹಬ್ಬ. ಈ ಹಬ್ಬದ ಆಸುಪಾಸಿನಲ್ಲಿ ಬರುವ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವೆಂದು ದಿವಂಗತ ಪೋಪ್ ಫ್ರಾನ್ಸಿಸರು 2021ರಲ್ಲಿ ಘೋಷಿಸಿದರು. ಅಂದು ಧರ್ಮಕೇಂದ್ರಗಳಲ್ಲಿ ಹಿರಿಯರಿಗೆ ಶಾಲು ಹೊದಿಸುತ್ತೇವೆ, ಸಿಹಿ ಹಂಚುತ್ತೇವೆ. ಹತ್ತಿರದ ವೃದ್ಧಾಶ್ರಮಕ್ಕೆ ಹೋಗಿ ಹಣ್ಣು, ಬಿಸ್ಕತ್ತು ಕೊಟ್ಟು, ಹಾಡು ಹೇಳಿ, ಫೋಟೋ ತೆಗೆಸಿಕೊಂಡು ಬರುತ್ತೇವೆ. ಒಳ್ಳೆಯದೇ. ಆದರೆ ಹಾಗೆ ಹೋದಾಗ ನಮ್ಮಲ್ಲಿ ಎಷ್ಟು ಜನ ಒಂದು ಸರಳ ಪ್ರಶ್ನೆ ಕೇಳಿದ್ದೇವೆ? ಈ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿರುವವರು ಎಷ್ಟು ಜನ?

ನನಗೆ ಪರಿಚಯವಿದ್ದ ಒಬ್ಬ ತಾಯಿಯ ಕಥೆ ಇದು. ಮಗ ಕುವೈತಿನಲ್ಲಿದ್ದ. ತಾಯಿಯನ್ನು ಒಂದು ಆಶ್ರಮದಲ್ಲಿ ಬಿಟ್ಟಿದ್ದ. ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. "ಚೆನ್ನಾಗಿದ್ದೇನೆ ಮಗಾ, ನೀನು ಊಟ ಮಾಡಿದೆಯಾ?" ಎಂದು ಆಕೆ ಪ್ರತಿ ಸಲವೂ ಹೇಳುತ್ತಿದ್ದರು. ಕ್ರಿಸ್ಮಸ್‌ಗೆ ಬಂದ ಮಗ ತಾಯಿಯ ಕಾಲು ಒತ್ತಲು ಕುಳಿತ. ಕಾಲುಚೀಲ ತೆಗೆದಾಗ ಹಿಮ್ಮಡಿಯಲ್ಲಿ ಎಲುಬು ಕಾಣುವಷ್ಟು ಆಳವಾದ ಹುಣ್ಣು! ಆ ಮನೆಯ ಅಂಗಳ ಚೊಕ್ಕಟವಾಗಿತ್ತು, ಗೋಡೆಗೆ ಹೊಸ ಬಣ್ಣವಿತ್ತು, ತಿಂಗಳ ಹಣಕ್ಕೆ ತಪ್ಪದೆ ರಸೀದಿ ಬರುತ್ತಿತ್ತು. ಮಗ ಕೆಟ್ಟವನಲ್ಲ, ತಾಯಿಯೂ ಸುಳ್ಳು ಹೇಳುವವರಲ್ಲ. ದೂರದಲ್ಲಿರುವ ಮಗನಿಗೆ ನೋವು ಕೊಡಬಾರದೆಂಬ ಪ್ರೀತಿ ಒಂದು ಕಡೆ, ದೂರಿದರೆ ಇಲ್ಲಿಯವರು ಮುನಿದಾರು ಎಂಬ ಅಂಜಿಕೆ ಇನ್ನೊಂದು ಕಡೆ. ಕೇಳಿದ ಮಾತ್ರಕ್ಕೆ ಎಲ್ಲವೂ ತಿಳಿಯುವುದಿಲ್ಲ, ಕಣ್ಣಾರೆ ನೋಡಬೇಕು ಎಂಬುದು ಇದರಿಂದ ನಮಗೆ ಸಿಗುವ ಮೊದಲ ಪಾಠ.

ಸದಯ ಸಮಾರಿತನ ಸಾಮತಿ ನಮಗೆಲ್ಲ ಬಾಯಿಪಾಠ. ಆದರೆ ಅದರ ಕೊನೆಯ ಭಾಗವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅವನು ಗಾಯಗೊಂಡವನನ್ನು ಛತ್ರಕ್ಕೆ ಕರೆದೊಯ್ದ. ಒಂದು ರಾತ್ರಿ ತಾನೇ ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು ಒಪ್ಪಿಸಿದ. ಅಷ್ಟೇ ಅಲ್ಲ, ಮರಳಿ ಬರುತ್ತೇನೆಂದೂ ಹೇಳಿದ. ಹಣ ಕೊಟ್ಟು ಬೇರೆಯವರ ಕೈಗೆ ಆರೈಕೆಯನ್ನು ಒಪ್ಪಿಸುವುದು ಪಾಪವಲ್ಲ. ಒಪ್ಪಿಸಿದ ಮೇಲೆ ಮರಳಿ ಬಾರದಿರುವುದೇ ತಪ್ಪು.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ನಮ್ಮಲ್ಲಿ 'ನರ್ಸಿಂಗ್ ಹೋಂ' ಎಂದರೆ ಚಿಕ್ಕ ಖಾಸಗಿ ಆಸ್ಪತ್ರೆ. ಅದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, 2007ರ ಅಡಿ ನೋಂದಣಿಯಾಗಬೇಕು. ಈ ಲೇಖನದಲ್ಲಿ ನಾವು ಮಾತನಾಡುತ್ತಿರುವುದು ಹಿರಿಯರು ವಾಸವಾಗಿರುವ, ಶುಶ್ರೂಷೆಯೂ ದೊರೆಯುವ ಮನೆಗಳ ಬಗ್ಗೆ. 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ 60 ದಾಟಿದವರು 10 ಕೋಟಿಗಿಂತ ಹೆಚ್ಚಿದ್ದರು. ಮಕ್ಕಳು ಪರಊರು, ಪರದೇಶ ಸೇರುತ್ತಿರುವಾಗ ಇಂಥ ಮನೆಗಳ ಅಗತ್ಯ ಹೆಚ್ಚುತ್ತಲೇ ಇದೆ.

ಹಾಗಾದರೆ ಒಂದು ಮನೆಯ ಆರೈಕೆ ಒಳ್ಳೆಯದೋ ಅಲ್ಲವೋ ಎಂದು ಅಳೆಯುವುದು ಹೇಗೆ? ಇದಕ್ಕೆ ದಾರಿ ತೋರಿಸಿದವರು ಅವೆದಿಸ್ ಡೊನಬೇಡಿಯನ್ ಎಂಬ ವೈದ್ಯರು. ಲೆಬನಾನಿನ ಬೇರೂತ್‌ನಲ್ಲಿ ಹುಟ್ಟಿದ ಅವರು ಮುಂದೆ ಅಮೆರಿಕದಲ್ಲಿ ಪ್ರಾಧ್ಯಾಪಕರಾದರು. ಚಿಕಿತ್ಸೆಯ ಗುಣಮಟ್ಟವನ್ನು ಮೂರು ಕಡೆಗಳಿಂದ ನೋಡಬೇಕೆಂದು 1966ರಲ್ಲಿ ಬರೆದರು. ಮೊದಲನೆಯದು ಏನಿದೆ ಎಂಬುದು: ಕಟ್ಟಡ, ಸಲಕರಣೆ, ಸಿಬ್ಬಂದಿ. ಎರಡನೆಯದು ಏನು ಮಾಡುತ್ತಾರೆ ಎಂಬುದು: ದಿನನಿತ್ಯದ ಆರೈಕೆಯ ಕ್ರಮ. ಮೂರನೆಯದು ಏನಾಯಿತು ಎಂಬುದು: ಆರೈಕೆ ಪಡೆದವರ ದೇಹ ಮನಸ್ಸುಗಳ ಸ್ಥಿತಿ. ನಾವು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ನೋಡಿ, ಮೆಚ್ಚಿ ಬರುತ್ತೇವೆ. ಅಂಗಳ, ಟೈಲ್ಸು, ಪ್ರಾರ್ಥನಾ ಮಂದಿರ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಹಿಮ್ಮಡಿ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಮೂರನೆಯದರಿಂದಲೇ ಆರಂಭಿಸೋಣ.

ದೇಹ ಹೇಳುವ ಸಾಕ್ಷಿ

ಹಾಸಿಗೆ ಹುಣ್ಣು: ತಾನಾಗಿ ಹೊರಳಲಾರದವರು ಒಂದೇ ಮಗ್ಗುಲಲ್ಲಿ ಮಲಗಿದ್ದರೆ, ಎಲುಬು ಒತ್ತುವ ಜಾಗದಲ್ಲಿ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಹಿಮ್ಮಡಿ, ಸೊಂಟದ ಹಿಂಭಾಗ, ತೊಡೆಯ ಪಕ್ಕ, ಮೊಣಕೈ, ತಲೆಯ ಹಿಂಭಾಗ ಇವು ಮುಖ್ಯ ಜಾಗಗಳು. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕೆಂಬುದು ಶುಶ್ರೂಷೆಯ ಹಳೆಯ ಪಾಠ. ಹುಣ್ಣಿನ ಮೊದಲ ಗುರುತು, ಬೆರಳಿನಿಂದ ಒತ್ತಿದರೂ ಮಾಸದ ಕೆಂಪು. ನಮ್ಮ ಕಪ್ಪು ಮೈಬಣ್ಣದಲ್ಲಿ ಈ ಕೆಂಪು ಸುಲಭವಾಗಿ ಕಾಣದು. ಆ ಜಾಗ ಇನ್ನಷ್ಟು ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಕೊನೆಯ ಹಂತದ ಕಾಯಿಲೆಯಲ್ಲಿ ಎಷ್ಟು ನೋಡಿಕೊಂಡರೂ ಕೆಲವೊಮ್ಮೆ ಹುಣ್ಣಾಗುವುದುಂಟು. ಆದರೆ ಹುಣ್ಣಾಗಿರುವುದು ಮನೆಯವರಿಗೇ ಗೊತ್ತಿಲ್ಲವೆಂದರೆ ಅದು ಅಲಕ್ಷ್ಯ.

ತೂಕ: ಪ್ರತಿ ತಿಂಗಳು ತೂಕ ನೋಡಿ ಬರೆದಿಡುತ್ತಾರೆಯೇ? ಕಾರಣವಿಲ್ಲದೆ ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು ಅಥವಾ ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ಇಳಿದರೆ ಅದು ಎಚ್ಚರಿಕೆಯ ಗಂಟೆ. 50 ಕಿಲೋ ತೂಗುವ ಅಜ್ಜಿ ಒಂದು ತಿಂಗಳಲ್ಲಿ ಎರಡೂವರೆ ಕಿಲೋ ಇಳಿದರೆ ವೈದ್ಯರಿಗೆ ತೋರಿಸಲೇಬೇಕು. ಕೆಲವೊಮ್ಮೆ ಕಾರಣ ದೊಡ್ಡ ರೋಗವಾಗಿರುವುದಿಲ್ಲ. ಕಟ್ಟಿಸಿದ ಹಲ್ಲು ಕಳೆದುಹೋಗಿರುತ್ತದೆ, ಅಷ್ಟೇ.

ನೀರು: ವಯಸ್ಸಾದಂತೆ ಬಾಯಾರಿಕೆ ತಿಳಿಯುವುದು ಕಡಿಮೆಯಾಗುತ್ತದೆ. ಲೋಟ ಕೈಗೆಟಕುವಂತಿದೆಯೇ, ಅಥವಾ ದೂರದ ಮೇಜಿನ ಮೇಲಿದೆಯೇ? ನಾಲಗೆ ಒಣಗಿದ್ದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದ್ದರೆ, ನಿನ್ನೆ ಸರಿಯಾಗಿದ್ದವರು ಇಂದು ಏನೇನೋ ಮಾತನಾಡುತ್ತಿದ್ದರೆ, "ವಯಸ್ಸಾಯಿತಲ್ಲ" ಎಂದು ತಳ್ಳಿಹಾಕಬಾರದು.

ದಿನಚರಿಯ ಸಾಕ್ಷಿ

ಊಟದ ಹೊತ್ತಿಗೆ ಹೋಗಿ. ಹೇಳದೆ ಹೋಗಲು ಒಪ್ಪುವ ಮನೆಯಾದರೆ ಅದೇ ಒಂದು ಒಳ್ಳೆಯ ಗುರುತು. ಕೈ ನಡುಗುವವರಿಗೆ ಯಾರಾದರೂ ಪಕ್ಕದಲ್ಲಿ ಕುಳಿತು ತಿನ್ನಿಸುತ್ತಾರೆಯೇ? ತಟ್ಟೆ ಮುಂದಿಟ್ಟು, ಅರ್ಧ ಗಂಟೆಯ ನಂತರ ಹಾಗೆಯೇ ಎತ್ತಿಕೊಂಡು ಹೋಗುತ್ತಾರೆಯೇ? ನುಂಗಲು ಕಷ್ಟಪಡುವವರನ್ನು ನೆಟ್ಟಗೆ ಕೂರಿಸಿ ತಿನ್ನಿಸಬೇಕು. ಮಲಗಿಸಿಯೇ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಮಾತನ್ನು ಆಲಿಸಿ. ಹಿರಿಯರನ್ನು ಹೆಸರು ಹಿಡಿದು, ಮರ್ಯಾದೆಯಿಂದ "ಅಮ್ಮಾ", "ಅಜ್ಜಾ" ಎನ್ನುತ್ತಾರೋ, "ಏಯ್ ಮೂರನೇ ನಂಬರು" ಎನ್ನುತ್ತಾರೋ? ಬಟ್ಟೆ ಬದಲಾಯಿಸುವಾಗ ಪರದೆ ಎಳೆಯುತ್ತಾರೆಯೇ? ಯಾರಾದರೂ ಕರೆದರೆ ಎಷ್ಟು ಹೊತ್ತಿಗೆ ಬರುತ್ತಾರೆ? ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯೇ, ನೆಲ ಒಣಗಿದೆಯೇ, ರಾತ್ರಿ ದೀಪವಿದೆಯೇ? ಇವು ಸಣ್ಣ ಸಂಗತಿಗಳಂತೆ ಕಂಡರೂ ಒಂದು ಬೀಳುವಿಕೆ, ಒಂದು ತೊಡೆಮೂಳೆಯ ಮುರಿತ ಅನೇಕ ಹಿರಿಯರ ನಡಿಗೆಯನ್ನೇ ಮುಗಿಸಿಬಿಡುತ್ತದೆ.

ಮರೆವಿನ ಕಾಯಿಲೆ ಇರುವವರನ್ನು ಮಂಚಕ್ಕೆ ಕಟ್ಟಿಹಾಕಿದ್ದಾರೆಯೇ? ಹಗಲೆಲ್ಲ ಮಂಪರಿನಲ್ಲಿರುವಂತೆ ಮಾತ್ರೆ ಕೊಡುತ್ತಾರೆಯೇ? ಸಿಬ್ಬಂದಿಯ ಅನುಕೂಲಕ್ಕಾಗಿ ಹೀಗೆ ಮಾಡುವುದನ್ನು ಅಮೆರಿಕದಲ್ಲಿ 1987ರ ಕಾನೂನು ನಿಷೇಧಿಸಿತು. ಅಲ್ಲಿಯ ಸರ್ಕಾರ 2008ರಿಂದ ಇಂಥ ಮನೆಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರ ಕೊಟ್ಟು ಪಟ್ಟಿ ಪ್ರಕಟಿಸುತ್ತಿದೆ. ತಪಾಸಣೆಯ ವರದಿ, ಸಿಬ್ಬಂದಿಯ ಸಂಖ್ಯೆ, ಹಿರಿಯರ ಸ್ಥಿತಿ ಎಂಬ ಮೂರನ್ನೂ ನೋಡಿ ಆ ನಕ್ಷತ್ರ ಕೊಡುತ್ತಾರೆ. ಅಂಥ ಪಟ್ಟಿಯನ್ನು ನೆಚ್ಚಿ ನಾವು ಕೂರುವಂತಿಲ್ಲ. ನಮ್ಮ ಕಣ್ಣೇ ನಮಗೆ ಪಟ್ಟಿ.

ಕೇಳಬೇಕಾದ ಪ್ರಶ್ನೆಗಳು

ಸೇರಿಸುವ ಮೊದಲೇ ಇವನ್ನು ಕೇಳಿ. ಹಗಲು ಎಷ್ಟು ಜನ ಸಿಬ್ಬಂದಿ, ರಾತ್ರಿ ಎಷ್ಟು ಜನ? ತರಬೇತಿ ಪಡೆದ ನರ್ಸ್ ಇದ್ದಾರೆಯೇ, ಯಾವ ಹೊತ್ತಿನಲ್ಲಿ? ವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ಮಧ್ಯರಾತ್ರಿ ಎದೆನೋವು ಬಂದರೆ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ? ಕೊಟ್ಟ ಔಷಧಿಯನ್ನು ಬರೆದಿಡುತ್ತಾರೆಯೇ? ಹಾಸಿಗೆ ಹಿಡಿದರೆ ಇಲ್ಲೇ ಇಟ್ಟುಕೊಳ್ಳುತ್ತಾರೆಯೇ, ಮನೆಗೆ ಕಳುಹಿಸುತ್ತಾರೆಯೇ? ತಿಂಗಳ ಹಣದಲ್ಲಿ ಏನೆಲ್ಲ ಸೇರಿದೆ, ಠೇವಣಿ ಮರಳಿ ಸಿಗುತ್ತದೆಯೇ? ಉತ್ತರಗಳನ್ನು ಬರಹದಲ್ಲಿ ಪಡೆಯಿರಿ. ಎಲ್ಲಕ್ಕಿಂತ ಮೊದಲು ಯಾರು ಹೋಗಬೇಕೋ ಅವರನ್ನೇ ಕೇಳಿ, ಅವರನ್ನೇ ಕರೆದೊಯ್ದು ತೋರಿಸಿ.

ಕೊರತೆ ಕಂಡರೆ ಜಗಳಕ್ಕೆ ನಿಲ್ಲಬೇಡಿ. ಇಪ್ಪತ್ತು ಜನರಿಗೆ ರಾತ್ರಿ ಒಬ್ಬಳೇ ಆಯಾ ಇದ್ದರೆ ಅವಳು ಎಷ್ಟು ಜನರನ್ನು ಹೊರಳಿಸಿಯಾಳು? ತಪ್ಪು ಅನೇಕ ವೇಳೆ ಅವಳದಲ್ಲ, ವ್ಯವಸ್ಥೆಯದು. ಮೊದಲು ಮೇಲ್ವಿಚಾರಕರೊಡನೆ ಮಾತನಾಡಿ, ದಿನಾಂಕ ಸಹಿತ ಬರೆದುಕೊಡಿ. ಸರಿಹೋಗದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು. ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಗೂ ದೂರು ಕೊಡಬಹುದು. ಆರೈಕೆ ಮಾಡಬೇಕಾದವರೇ ಹಿರಿಯರನ್ನು ಪೂರ್ತಿಯಾಗಿ ತೊರೆದರೆ, ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ, 2007ರಂತೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು.

ಯಾರೂ ಬಾರದವರು

ಪ್ರಿಯರೇ, ನಮ್ಮ ತಾಯಿಯನ್ನು ನೋಡಲು ನಾವು ಹೋಗುತ್ತೇವೆ. ಪಕ್ಕದ ಮಂಚದಲ್ಲಿರುವ, ಯಾರೂ ನೋಡಲು ಬಾರದ ಅಜ್ಜಿಯ ಗತಿಯೇನು? ಒಂದು ಮನೆಯ ನಿಜವಾದ ಗುಣಮಟ್ಟ ತಿಳಿಯುವುದು ಅವರ ಉಗುರು, ಅವರ ತಲೆಗೂದಲು, ಅವರ ಹಾಸಿಗೆಯ ಬಟ್ಟೆ ನೋಡಿದಾಗಲೇ. 1839ರ ಚಳಿಗಾಲದಲ್ಲಿ ಫ್ರಾನ್ಸಿನ ಜೀನ್ ಜುಗಾನ್ ಎಂಬ ಬಡ ಹೆಂಗಸು, ಕಣ್ಣು ಕಾಣದ, ನಡೆಯಲಾರದ ಒಬ್ಬ ಮುದುಕಿಯನ್ನು ಮನೆಗೆ ತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಬಡವರ ಪುಟ್ಟ ಸಹೋದರಿಯರ ಸಭೆ ಅಲ್ಲಿಂದ ಬೆಳೆಯಿತು. ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ಅವರ ಮನೆಯೊಂದಿದೆ. 2009ರಲ್ಲಿ ಜೀನ್ ಜುಗಾನ್ ಸಂತ ಪದವಿಗೇರಿದರು. ಅವರಲ್ಲಿ ಕಟ್ಟಡವಿರಲಿಲ್ಲ, ಸಲಕರಣೆಯಿರಲಿಲ್ಲ. ಒಂದು ಹಾಸಿಗೆ ಇತ್ತು, ಅದು ಯಾರಿಗೆ ಹೆಚ್ಚು ಬೇಕೆಂದು ಅವರಿಗೆ ಗೊತ್ತಿತ್ತು.

ಜೀವನವಿಡೀ ಗುಣಮಟ್ಟವನ್ನು ಅಳೆಯುವ ವಿದ್ಯೆ ಕಲಿಸಿದ ಡೊನಬೇಡಿಯನ್ನರು 2000ದಲ್ಲಿ ತೀರಿಕೊಂಡರು. ತಾವೇ ರೋಗಿಯಾಗಿದ್ದ ಕೊನೆಯ ದಿನಗಳಲ್ಲಿ, ಗುಣಮಟ್ಟದ ಗುಟ್ಟು ಕೊನೆಗೂ ಪ್ರೀತಿಯೇ ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಲೆಕ್ಕ ಬೇಡವೆಂದು ಅವರು ಹೇಳಲಿಲ್ಲ. ಪ್ರೀತಿಯಿದ್ದವರು ತೂಕ ನೋಡುತ್ತಾರೆ, ಹಿಮ್ಮಡಿ ನೋಡುತ್ತಾರೆ, ರಾತ್ರಿಯ ಸಿಬ್ಬಂದಿಯನ್ನು ಎಣಿಸುತ್ತಾರೆ.

ಈ ವರ್ಷ ಹಿರಿಯರ ದಿನದಂದು ವೃದ್ಧಾಶ್ರಮಕ್ಕೆ ಹೋಗುವ ನಮ್ಮ ಸಂಘಗಳು ಹಣ್ಣಿನ ಬುಟ್ಟಿಯ ಜೊತೆ ಇನ್ನೊಂದು ನಿರ್ಧಾರವನ್ನೂ ಒಯ್ಯಲಿ. ಯಾರೂ ನೋಡಲು ಬಾರದ ಒಬ್ಬರ ಹೆಸರನ್ನು ಸಿಸ್ಟರರಿಂದ ಕೇಳಿ ತಿಳಿದು, ತಿಂಗಳಿಗೊಮ್ಮೆ ಅವರನ್ನು ನೋಡಲು ಒಬ್ಬರನ್ನು ಗೊತ್ತುಮಾಡಲಿ. ಛತ್ರದ ಬಾಗಿಲಲ್ಲಿ ಆ ಸಮಾರಿತನು ಕೊಟ್ಟ ಮಾತು ಈಗ ನಮ್ಮ ಮಾತಾಗಲಿ.