ಬಂಡೆಯ ಮುಂದೆ ಬೆಳಕಿನ ಗೊಂಬೆ

ಹಂಪಿಯ ಬಂಡೆಗಳು ನಿಂತಲ್ಲೇ ನಿಂತಿವೆ. ಅವುಗಳ ನಡುವೆ ದೇವರು ಕದಲುತ್ತಾನೆ. ಬಂಡೆಗಳದ್ದು ಫೋಟೊ, ದೇವರದ್ದು ಅನಿಮೇಷನ್. ಎರಡನ್ನೂ ಒಂದೇ ಪರದೆಯ ಮೇಲೆ ಕೂಡಿಸಿದ ‘ಪ್ಲೇಸ್-ಹಂಪಿ’ ಎಂಬ ಕೃತಿಯನ್ನು ರೂಪಿಸಿದವರು ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ. 2006ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಮೊದಲು ತೆರೆ ಕಂಡ ಈ ಕೃತಿ, ಮುಂದೆ ಬಳ್ಳಾರಿ ಸೀಮೆಯ ತೋರಣಗಲ್ಲಿನ ‘ಕಲಾಧಾಮ’ ಎಂಬ ಕಲಾಕೇಂದ್ರಕ್ಕೂ ಬಂತು.

ಸುತ್ತಲೂ ದುಂಡನೆಯ ಪರದೆ, ನಡುವೆ ತಿರುಗುವ ಕಟ್ಟೆ. ತ್ರೀಡಿ ಕನ್ನಡಕ ಹಾಕಿ ಕಟ್ಟೆ ಹತ್ತಿದವರು ತಿರುಗಿದತ್ತ ಚಿತ್ರವೂ ತಿರುಗುತ್ತದೆ. ಹಂಪಿಯನ್ನು ದಶಕಗಳಿಂದ ಸೆರೆಹಿಡಿದ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಕೆಲಸ ಇದರ ತಳಹದಿ. ದೇವರುಗಳಿಗೆ ಚಲನೆ ಕೊಟ್ಟದ್ದು ಬೆಂಗಳೂರಿನ ಪಾಪ್ರಿಕಾಸ್ ಅನಿಮೇಷನ್ ಸ್ಟುಡಿಯೊ. ಕೆಲಸದ ಕಷ್ಟವೆಲ್ಲ ನೆರಳಿನಲ್ಲಿದೆ. ಫೋಟೊದಲ್ಲಿ ಬಿಸಿಲು ಎಡದಿಂದ ಬಿದ್ದಿದ್ದರೆ ಗೊಂಬೆಯ ನೆರಳು ಬಲಕ್ಕೇ ಚಾಚಬೇಕು, ಪಾದ ಬಂಡೆಗೆ ತಾಗಿದಂತಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ದೇವರು ಗಾಳಿಯಲ್ಲಿ ತೇಲುತ್ತಾನೆ. ಕೋಟೆ ಗೋಡೆಗೆ ಬಣ್ಣದ ಬೆಳಕು ಚೆಲ್ಲುವ ಅಬ್ಬರದ ಪ್ರದರ್ಶನಗಳಲ್ಲಿ ಕಲ್ಲೇ ಕಾಣೆಯಾಗುತ್ತದೆ. ಇಲ್ಲಿ ಕಲ್ಲಿಗೆ ಅದರ ಮರ್ಯಾದೆ ಉಳಿದಿದೆ. ಈ ಕೃತಿಯ ದೊಡ್ಡತನ ಇರುವುದೇ ಅದರಲ್ಲಿ ಎಂದು ನನ್ನ ನಂಬಿಕೆ.

ತೊಗಲುಗೊಂಬೆ ನೋಡಿ ಬೆಳೆದವರಿಗೆ ಇದು ಹೊರಗಿನ ವಿದ್ಯೆ ಅನ್ನಿಸದು. ಬಿಳಿ ಪರದೆಯ ಹಿಂದೆ ದೀಪ; ಪಾರದರ್ಶಕವಾಗುವಂತೆ ಹೆರೆದ ತೊಗಲು, ಅದಕ್ಕೆ ಬಣ್ಣ, ಒಡವೆ ಮಿನುಗಲೆಂದು ಸಣ್ಣ ಸಣ್ಣ ತೂತು. ಗೊಂಬೆಯನ್ನು ಪರದೆಗೆ ಒತ್ತಿದರೆ ಗೆರೆ ಚೂಪು, ದೀಪದತ್ತ ಸರಿಸಿದರೆ ಆಕಾರ ಹಿಗ್ಗಿ ಮಸುಕು. ಹಂಪಿಗೆ ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದದ್ದು ಈ ಕಲೆಗೇ. ಬದುಕಿನುದ್ದಕ್ಕೂ ನೆರಳನ್ನು ಆಡಿಸಿದ ಇಂಥವರ ಕೈಗಿಂತ ದೊಡ್ಡ ಗುರು ಅನಿಮೇಷನ್ ಕಲಿಯುವ ಹುಡುಗರಿಗೆ ಎಲ್ಲಿ ಸಿಗಬೇಕು?

ಇಂಥ ಕೆಲಸಕ್ಕೆ ತುಮಕೂರು ಜಿಲ್ಲೆಯ ನಮ್ಮ ದೊಡ್ಡೇರಿ ಸೀಮೆಯ ಸುತ್ತಲೂ ವಸ್ತುವಿದೆ. ಮಧುಗಿರಿಯ ಏಕಶಿಲಾ ಬೆಟ್ಟ, ಮೈದನಹಳ್ಳಿಯ ಹುಲ್ಲುಗಾವಲಿನ ಕೃಷ್ಣಮೃಗ, ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿದ 2,050 ಮೆಗಾವಾಟ್ ಸೋಲಾರ್ ಪಾರ್ಕ್. ಪಾವಗಡದಲ್ಲಿ ಶೇಂಗಾ ಬೆಳೆಯುತ್ತಿದ್ದ ಹೊಲಗಳ ಚಹರೆ ಒಂದು ದಶಕದೊಳಗೆ ಬದಲಾಗಿಹೋಯಿತು. ಇಂದಿನ ಸೋಲಾರ್ ಸಾಲುಗಳ ಗೋಡೆಯಗಲದ ಫೋಟೊ ಇಟ್ಟು, ಅದರ ಮೇಲೆ ಹಿಂದಿನ ಉಳುಮೆ, ಬಿತ್ತನೆ, ಕುರಿಮಂದೆ ನಡೆದುಹೋಗುವಂತೆ ಮಾಡಿದರೆ? ಆ ನೆಲವನ್ನು ಉತ್ತವರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರನ್ನು ಕೇಳಿಯೇ ಗೆರೆ ಎಳೆಯಬಹುದು.

ಇದಕ್ಕೆ ಪ್ಲೇಸ್-ಹಂಪಿಯಷ್ಟು ಖರ್ಚು ಬೇಕಿಲ್ಲ. ಒಂದು ಪ್ರೊಜೆಕ್ಟರ್, ಶಾಲೆಯ ಸುಣ್ಣದ ಗೋಡೆ, ಕ್ಯಾಮೆರಾ ಹಿಡಿಯಬಲ್ಲ ನಾಲ್ಕು ಹುಡುಗರು, ಜೊತೆಗೊಬ್ಬರು ತೊಗಲುಗೊಂಬೆ ಕಲಾವಿದರು ಸಾಕು. ನಮ್ಮ ಶಾಲೆ, ಕಾಲೇಜುಗಳ ಮೇಷ್ಟ್ರುಗಳು ಈ ವರ್ಷದ ವಾರ್ಷಿಕೋತ್ಸವಕ್ಕೇ ಇದನ್ನು ಕೈಗೆತ್ತಿಕೊಳ್ಳಲಿ. ಕಲಾವಿದರಿಗೆ ಸಂಭಾವನೆಯನ್ನು ಮಾತ್ರ ಮೊದಲೇ ಗೊತ್ತು ಮಾಡಿ ಕರೆಸಲಿ.